ತಲೆಗೆ ಪೆಟ್ಟಾದ ನಂತರದ ಮೈಗ್ರೇನ್ ಮತ್ತು ಬೊಟುಲಿನಮ್ ಟಾಕ್ಸಿನ್

ತಲೆಗೆ ಪೆಟ್ಟು ಬಿದ್ದ 7 ದಿನಗಳೊಳಗೆ, ಅಥವಾ ಪ್ರಜ್ಞೆ ತಪ್ಪಿದ್ದಲ್ಲಿ ಅದು ಮರಳಿದ 7 ದಿನಗಳೊಳಗೆ ಆರಂಭವಾಗುವ ತಲೆನೋವನ್ನು ಆಘಾತೋತ್ತರ ತಲೆನೋವು ಎಂದು ವರ್ಗೀಕರಿಸಲಾಗಿದೆ. 3 ತಿಂಗಳ ನಂತರವೂ ಅದು ಉಳಿದುಕೊಂಡರೆ ದೀರ್ಘಕಾಲಿಕವೆನ್ನುತ್ತಾರೆ. ಆದರೆ ಚಿಕಿತ್ಸೆಯನ್ನು ನಿರ್ಧರಿಸುವಾಗ ನೋವು ಹೇಗೆ ಶುರುವಾಯಿತು ಎಂಬುದಕ್ಕಿಂತ ಈಗ ಅದರ ಸ್ವರೂಪ ಏನು ಎಂಬುದೇ ಹೆಚ್ಚು ಮುಖ್ಯ. ಮಿಡಿಯುವ ನೋವು, ವಾಕರಿಕೆ, ಬೆಳಕು ಮತ್ತು ಸದ್ದನ್ನು ಸಹಿಸಲಾಗದಿರುವುದು ಕಂಡುಬಂದರೆ, ಪೆಟ್ಟಿನಿಂದ ಬಂದ ನೋವಾದರೂ ಅದನ್ನು ಮೈಗ್ರೇನಿನಂತೆಯೇ ನೋಡಿಕೊಳ್ಳುವುದು ರೂಢಿ. ಅದಕ್ಕೂ ಮೊದಲು ಮೆದುಳಿನ ಹೊದಿಕೆಯ ಕೆಳಗೆ ರಕ್ತ ಸೋರಿಕೆಯಂತಹ ಅಪಾಯಗಳಿಲ್ಲವೆಂದು ಖಚಿತಪಡಿಸಿಕೊಂಡಿರಬೇಕು. ನೋವಿನ ಮಾತ್ರೆಗಳ ಅತಿಬಳಕೆಯೇ ನೋವನ್ನು ಉಳಿಸಿದೆಯೇ ಎಂದೂ ವಿಚಾರಿಸಬೇಕು.

ಇಂತಹ ತಲೆನೋವಿಗೆ ಚುಚ್ಚುಮದ್ದಾಗಿ ಕೊಡುವ ಬೊಟುಲಿನಮ್ ಟಾಕ್ಸಿನ್ (ಬೊಟಾಕ್ಸ್ ಹೆಸರಿನಲ್ಲಿ ಪರಿಚಿತ) ಸ್ನಾಯುವನ್ನು ಸಡಿಲಿಸುತ್ತದೆ, ಆದ್ದರಿಂದ ನೋವು ತಗ್ಗುತ್ತದೆ ಎಂಬ ವಿವರಣೆ ಸಾಲದು. ಅದು ನರತುದಿಯೊಳಗೆ ಸೇರಿ ಸ್ನ್ಯಾಪ್-25 ಎಂಬ ಪ್ರೋಟೀನನ್ನು ತುಂಡರಿಸುತ್ತದೆ. ಈ ಪ್ರೋಟೀನಿಲ್ಲದೆ ರಾಸಾಯನಿಕಗಳನ್ನು ಹೊತ್ತ ಸಣ್ಣ ಕೋಶಿಕೆಗಳು ನರದ ಪೊರೆಗೆ ಬೆಸೆದುಕೊಳ್ಳಲಾರವು. ಹೀಗಾಗಿ ನೋವಿನ ಸಂಕೇತವನ್ನು ಹಬ್ಬಿಸುವ ಸಿಜಿಆರ್‌ಪಿಯಂತಹ ವಸ್ತುಗಳ ಬಿಡುಗಡೆಯೂ ಇಳಿಯುತ್ತದೆ. ನರತುದಿಗಳು ತಿಂಗಳುಗಳಲ್ಲಿ ಚೇತರಿಸಿಕೊಳ್ಳುವುದರಿಂದ ಚುಚ್ಚುಮದ್ದನ್ನು 12 ವಾರಗಳಿಗೊಮ್ಮೆ ಮತ್ತೆ ಕೊಡಬೇಕಾಗುತ್ತದೆ.

ತಲೆನೋವಿನ ಚಿಕಿತ್ಸೆಯಾಗಿ ಈ ಟಾಕ್ಸಿನ್‌ಗೆ ಅಮೆರಿಕದಲ್ಲಿ 2010ರಲ್ಲಿ ಒಪ್ಪಿಗೆ ಸಿಕ್ಕಿದ್ದು ವಯಸ್ಕರ ದೀರ್ಘಕಾಲಿಕ ಮೈಗ್ರೇನಿಗೆ, ಅಂದರೆ ತಿಂಗಳಿಗೆ 15 ಅಥವಾ ಹೆಚ್ಚು ದಿನ ತಲೆನೋವಿರುವವರಿಗೆ ಮಾತ್ರ. ಪೆಟ್ಟಿನ ನಂತರದ ತಲೆನೋವಿಗೆ ಪ್ರತ್ಯೇಕ ಒಪ್ಪಿಗೆಯಿಲ್ಲ. ಆದ್ದರಿಂದ ಇದನ್ನು ರೋಗಿಗೆ ಮುಚ್ಚುಮರೆಯಿಲ್ಲದೆ ಹೇಳುವುದು ಚಿಕಿತ್ಸಕರಾದ ನಮ್ಮ ಕರ್ತವ್ಯವೆಂದು ನಾನು ನಂಬುತ್ತೇನೆ. ಬಳಸುವ ವಿಧಾನ, ದೀರ್ಘಕಾಲಿಕ ಮೈಗ್ರೇನಿನಲ್ಲಿ ಈ ಟಾಕ್ಸಿನನ್ನು ಪರೀಕ್ಷಿಸಿದ ಪ್ರೀಎಂಪ್ಟ್ ಪ್ರಯೋಗಗಳದ್ದೇ: ಹಣೆ, ಕಪಾಲದ ಪಕ್ಕ, ತಲೆಯ ಹಿಂಭಾಗ, ಕುತ್ತಿಗೆ ಮತ್ತು ಭುಜದ ಮೇಲ್ಭಾಗದ 7 ಸ್ನಾಯುಗಳ ಗುಂಪಿನಲ್ಲಿ 31 ಕಡೆ, ಒಂದೊಂದರಲ್ಲಿ 5 ಯೂನಿಟ್‌ನಂತೆ, ಒಟ್ಟು 155 ಯೂನಿಟ್. ಈ ಯೂನಿಟ್‌ಗಳು ಒನಾಬೊಟುಲಿನಮ್ ಟಾಕ್ಸಿನ್ ಎ ಎಂಬ ತಯಾರಿಕೆಗೆ ಸಂಬಂಧಿಸಿದವು. ಬೇರೆ ತಯಾರಿಕೆಯ ಯೂನಿಟ್‌ಗಳೊಂದಿಗೆ ಅವನ್ನು ಅದಲುಬದಲು ಮಾಡಲಾಗದು.

ಮೆದುಳಿಗೆ ಪೆಟ್ಟಾದವರಲ್ಲಿ ಚುಚ್ಚುವ ಜಾಗಗಳ ಈ ನಕ್ಷೆಯನ್ನು ಕಣ್ಣುಮುಚ್ಚಿ ಅನುಸರಿಸಬಾರದು. ಶಸ್ತ್ರಚಿಕಿತ್ಸೆಯಲ್ಲಿ ತಲೆಬುರುಡೆಯ ಮೂಳೆ ತೆಗೆದಿದ್ದರೆ ಆ ಭಾಗದಲ್ಲಿ ಸೂಜಿ ತೂರಿಸುವುದು ಅಪಾಯಕರ. ನುಂಗಲು ಕಷ್ಟವಿದ್ದವರಲ್ಲಿ, ಕುತ್ತಿಗೆ ಈಗಾಗಲೇ ದುರ್ಬಲವಾಗಿದ್ದವರಲ್ಲಿ ಕುತ್ತಿಗೆಯ ಚುಚ್ಚುಮದ್ದು ತೊಂದರೆಯನ್ನು ಹೆಚ್ಚಿಸಬಹುದು. ಅನೇಕರು ಕೈಕಾಲಿನ ಬಿಗಿತಕ್ಕೂ ಇದೇ ಟಾಕ್ಸಿನ್ ಪಡೆಯುತ್ತಿರುತ್ತಾರೆ. ಎರಡು ಕಡೆ ಎರಡು ಚಿಕಿತ್ಸಕರು ಕೊಡುತ್ತಿದ್ದರೂ 3 ತಿಂಗಳ ಒಟ್ಟು ಪ್ರಮಾಣ ವಯಸ್ಕರಲ್ಲಿ 400 ಯೂನಿಟ್ ಮೀರಬಾರದು. ರೆಪ್ಪೆ ಜೋಲುವುದು, ಕುತ್ತಿಗೆ ನೋವು ಸಾಮಾನ್ಯ ಅಡ್ಡಪರಿಣಾಮಗಳು. ಉಸಿರಾಟ ಅಥವಾ ನುಂಗುವಿಕೆ ಕೆಟ್ಟರೆ ತಕ್ಷಣ ಆಸ್ಪತ್ರೆಗೆ ಬರಬೇಕೆಂದು ರೋಗಿಗೂ ಮನೆಯವರಿಗೂ ತಿಳಿಸಬೇಕು.

ಪರಿಣಾಮವನ್ನು ನೆನಪಿನ ಮೇಲೆ ಅಳೆಯುವುದು ಈ ರೋಗಿಗಳಲ್ಲಿ ಇನ್ನೂ ಕಷ್ಟ, ಏಕೆಂದರೆ ನೆನಪಿಗೇ ಪೆಟ್ಟಾಗಿರಬಹುದು. ಆದ್ದರಿಂದ ಮೊದಲ ಸೂಜಿಗೂ ಒಂದು ತಿಂಗಳು ಮುಂಚೆಯೇ ತಲೆನೋವಿನ ದಿನಗಳನ್ನು ಬರೆದಿಡಲು ಹೇಳಬೇಕು, ಅಗತ್ಯವಿದ್ದರೆ ಮನೆಯವರ ಸಹಾಯದಿಂದ. ಚಿಕಿತ್ಸೆಗಳ ಬಗ್ಗೆ ಸಲಹೆ ನೀಡುವ ಇಂಗ್ಲೆಂಡಿನ ನೈಸ್ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ಎರಡು ಸುತ್ತಿನ ನಂತರವೂ ತಲೆನೋವಿನ ದಿನಗಳು ಶೇ. 30ರಷ್ಟು ಇಳಿಯದಿದ್ದರೆ ಚಿಕಿತ್ಸೆಯನ್ನು ನಿಲ್ಲಿಸಬೇಕು.