ಗ್ಯಾಸ್ ಅಂತ ಹೇಳಿ ಕಳಿಸಿದ ನೋವು: ಪಿತ್ತಕೋಶದ ಟಿಪ್ಪಣಿ

ವೈದ್ಯಕೀಯ ಓದುವ ನಮಗೆ ಸರ್ಜರಿ ವಾರ್ಡಿನ ಪೋಸ್ಟಿಂಗ್ ಹತ್ತಿರ ಬಂತು. ಪಿತ್ತಕೋಶದ ಪಾಠ ನೀವೂ ಓದಿರುತ್ತೀರಿ. ಪುಸ್ತಕದಲ್ಲಿ ಅದು ಸಲೀಸು. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಸ್ಕ್ಯಾನಿಂಗ್‌ನಲ್ಲಿ ಕಲ್ಲು, ಆಮೇಲೆ ಆಪರೇಷನ್. ಆದರೆ ಗಂಗಾವತಿ ಕಡೆಯ ನಮ್ಮ ಚಿಗವ್ವನಿಗೆ ಅಷ್ಟು ದಾಟಲು ಹದಿನಾಲ್ಕು ತಿಂಗಳು ಹಿಡಿಯಿತು. ಅದಕ್ಕೇ ಈ ಟಿಪ್ಪಣಿಯಲ್ಲಿ ಪುಸ್ತಕದ ಕ್ರಮ ಬಿಟ್ಟಿದ್ದೇನೆ. ಅವಳು ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡಳೋ ಅದೇ ಕ್ರಮದಲ್ಲಿ ಬರೆದಿದ್ದೇನೆ.

ಮೊದಲು ಚೀಲದ ಕೆಲಸ. ಪಿತ್ತರಸ ತಯಾರಾಗುವುದು ಲಿವರ್‌ನಲ್ಲಿ. ಪಿತ್ತಕೋಶ ಅದನ್ನು ಕೂಡಿಟ್ಟುಕೊಂಡು ಗಟ್ಟಿ ಮಾಡುವ ಚೀಲ, ಅಷ್ಟೇ. ಹಿಡಿಯುವುದು 30ರಿಂದ 50 ಮಿ.ಲೀ. ನಮ್ಮ ಹೋಟೆಲಿನ ಸಣ್ಣ ಚಹಾ ಲೋಟದಷ್ಟೂ ಇಲ್ಲ. ಎಣ್ಣೆ, ತುಪ್ಪ ಸಣ್ಣ ಕರುಳಿಗೆ ಇಳಿದಾಗ ಅಲ್ಲಿಂದ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಆಗ ಚೀಲ ಹಿಂಡಿಕೊಂಡು ರಸ ಬಿಡುತ್ತದೆ. ಚೀಲದ ಬಾಯಿಗೆ ಕಲ್ಲು ಅಡ್ಡ ಕೂತಿದ್ದರೆ ನೋವು ಶುರು. ಕಲ್ಲು ಹಿಂದೆ ಸರಿದರೆ ನೋವು ನಿಲ್ಲುತ್ತದೆ, ಮನುಷ್ಯ ಏನೂ ಆಗದವರಂತೆ ಎದ್ದು ಓಡಾಡುತ್ತಾರೆ. ಈ ಕೊನೆಯ ವಾಕ್ಯದ ಕೆಳಗೆ ಗೆರೆ ಹಾಕಿಕೊಳ್ಳಿ. ರೋಗಿಯ ಅರ್ಧ ಗೋಳು ಇದರಲ್ಲೇ ಇದೆ.

ರಾತ್ರಿ ನೋವು, ಬೆಳಿಗ್ಗೆ ಓಪಿಡಿ

ಚಿಗವ್ವನ ನೋವು ಬರುತ್ತಿದ್ದದ್ದು ಹಬ್ಬದ ಊಟವಾದ ರಾತ್ರಿ. ಒಂದು ಗಂಟೆಗೆ ಎಬ್ಬಿಸಿ ಕೂರಿಸುತ್ತಿತ್ತು. "ಬಲಗಡಿ ಡುಬ್ಬದಾಗ ಗೂಟ ಬಡಿದಂಗ ಆಗತೈತಿ" ಅನ್ನುತ್ತಿದ್ದಳು. ಡುಬ್ಬ ಅಂದರೆ ಬೆನ್ನು. ನಾಲ್ಕು ಗಂಟೆಗೆ ಇಳಿಯುತ್ತಿತ್ತು. ಬೆಳಿಗ್ಗೆ ಬಸ್ಸು ಹತ್ತಿ, ಚೀಟಿ ಮಾಡಿಸಿ, ಸರದಿ ಬರುವಷ್ಟರಲ್ಲಿ ಹೊಟ್ಟೆ ಮೆತ್ತಗೆ. ಒತ್ತಿದರೂ ನೋವಿಲ್ಲ, ರಕ್ತಪರೀಕ್ಷೆಯೂ ಸರಿ. ಮರ್ಫಿ ಚಿಹ್ನೆ ನೆನಪಿದೆಯಲ್ವಾ? ಬಲ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಉಸಿರೆಳೆದುಕೊಳ್ಳಿ ಅಂದರೆ ನೋವಿಗೆ ಉಸಿರು ಅರ್ಧಕ್ಕೇ ನಿಲ್ಲುವುದು. ಅದು ಕಾಣುವುದು ಚೀಲಕ್ಕೆ ಉರಿಯೂತ ಬಂದಾಗ. ಬಂದು ಹೋಗುವ ನೋವಿನ ನಡುವಿನ ದಿನಗಳಲ್ಲಿ ಅದು ಇರುವುದೇ ಇಲ್ಲ. ಹಾಗಾಗಿ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ ಅಂದರೆ ರೋಗಿ ಸುಳ್ಳು ಹೇಳಿದಳು ಅಂತಲ್ಲ.

ಇನ್ನೊಂದು ಮೋಸ ಇದೆ, ನನಗೆ ಇದೇ ದೊಡ್ಡದು ಅನಿಸುತ್ತದೆ. ರಾತ್ರಿ ಎರಡಕ್ಕೆ ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಯಾಸಿನ ಇಂಜೆಕ್ಷನ್ ಹಾಕುತ್ತಿದ್ದರು. ನೋವು ನಾಲ್ಕಕ್ಕೆ ಹೇಗಿದ್ದರೂ ಇಳಿಯುವುದೇ ಇತ್ತು. ಹೆಸರು ಮಾತ್ರ ಇಂಜೆಕ್ಷನ್‌ಗೆ ಬಂತು. "ಗ್ಯಾಸಿನ ಸೂಜಿಗೆ ಕಡಿಮಿ ಆತು ಅಂದ್ರ ಗ್ಯಾಸೇ" ಎಂದು ಮನೆಯವರೂ ನಂಬಿದರು, ಡಾಕ್ಟರೂ ಬರೆದರು. ಹೀಗೆ ಐದು ಸಲ ಆದಮೇಲೆ ಆ ಪದವನ್ನು ಚೀಟಿಯಿಂದ ಅಳಿಸುವುದು ಬಹಳ ಕಷ್ಟ.

ಹಾಗಾದರೆ ಎರಡನ್ನೂ ಬೇರೆ ಮಾಡುವುದು ಹೇಗೆ? ಗಡಿಯಾರ ಕೇಳಿ. ಪಿತ್ತಕೋಶದ ನೋವು ಏರುತ್ತ ಹೋಗಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಕಡಿಮೆ ಅಂದರೂ ಅರ್ಧ ಗಂಟೆ ಇರುತ್ತದೆ, ಸಾಮಾನ್ಯವಾಗಿ ಆರು ಗಂಟೆಯೊಳಗೆ ಇಳಿಯುತ್ತದೆ. ಪುಸ್ತಕದಲ್ಲಿ ಕೋಲಿಕ್, ಅಂದರೆ ಅಲೆಯಾಗಿ ಹಿಂಡುವ ನೋವು, ಅಂತ ಇದೆ, ಆದರೆ ಹೆರಿಗೆ ನೋವಿನ ಹಾಗೆ ಅಲೆ ಅಲೆಯಾಗಿ ಬರುವುದಿಲ್ಲ. ಹೆಸರೇ ದಾರಿ ತಪ್ಪಿಸುತ್ತದೆ ನೋಡಿ. ತೇಗು ಬಂದರೂ, ಗಾಳಿ ಹೋದರೂ, ಸಂಡಾಸಕ್ಕೆ ಹೋಗಿ ಬಂದರೂ, ಮಗ್ಗಲು ಬದಲಿಸಿದರೂ, ಆ್ಯಸಿಡ್ ಗುಳಿಗೆ ನುಂಗಿದರೂ ಅಷ್ಟಾಗಿ ಹಗುರ ಆಗುವುದಿಲ್ಲ. ಜಾಗವೂ ಯಾವಾಗಲೂ ಬಲಗಡೆಯೇ ಇರಬೇಕು ಅಂತಿಲ್ಲ. ಎದೆಮೂಳೆಯ ಕೆಳಗೆ ಹೊಟ್ಟೆಯ ನಟ್ಟನಡುವೆ ಕೈ ಇಟ್ಟು ತೋರಿಸುವವರು ಬಹಳ. ಅವರನ್ನೆಲ್ಲ ಹೊಟ್ಟೆಹುಣ್ಣಿನ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ.

ಒಂದು ಎಚ್ಚರಿಕೆ. ನಡುಹೊಟ್ಟೆಯ ನೋವು ಜೊತೆಗೆ ಬೆವರು, ಏದುಸಿರು ಇದ್ದು ಸ್ವಲ್ಪ ವಯಸ್ಸಾದವರಾಗಿದ್ದರೆ ಮೊದಲು ಇಸಿಜಿ. ಹೃದಯದ ಕೆಳಭಾಗದ ಆಘಾತವೂ ಗ್ಯಾಸಿನ ವೇಷದಲ್ಲೇ ಬರುತ್ತದೆ.

ಪಿತ್ತ, ಕಲ್ಲು, ಬ್ಲಾಡರ್

ನಮ್ಮ ಕಡೆ "ಪಿತ್ತ ಆಗೈತಿ" ಅಂದರೆ ತಲೆ ಸುತ್ತು, ವಾಕರಿಕೆ, ಬಾಯಿ ಕಹಿ. ಅದು ಬೇರೆಯದೇ ಮಾತು. ಚಿಗವ್ವ ಪ್ರತಿ ಸಲ ಒಳಗೆ ಹೋಗಿ ಮೊದಲು ಹೇಳುತ್ತಿದ್ದದ್ದು ಇದನ್ನೇ. ಬರೆದುಕೊಳ್ಳುವವರು ಆ್ಯಸಿಡಿಟಿ ಅಂತ ಬರೆದರು. ಕೊನೆಗೆ ಪಿತ್ತಕೋಶದಲ್ಲಿ ಕಲ್ಲಿದೆ ಅಂತ ಗೊತ್ತಾದಾಗ ಅವಳು ಸಿಟ್ಟಾದಳು: "ನಾ ಮೊದಲಿಂದ ಪಿತ್ತ ಅಂತ ಹೇಳಿದ್ನೆಲ್ಲವಾ!" ಅವಳಿಗೆ ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ.

ಕಲ್ಲು ಅನ್ನುವ ಪದವೂ ಹಾಗೆಯೇ. ನಮ್ಮ ಬಿಸಿಲಿಗೆ ಮೈಯಲ್ಲಿ ನೀರು ಬತ್ತಿ ಕಿಡ್ನಿ ಕಲ್ಲು ಆಗುವುದು ಎಲ್ಲರಿಗೂ ಗೊತ್ತು. ಹೊಟ್ಟೆಯಲ್ಲಿ ಕಲ್ಲು ಅಂದ ಕೂಡಲೇ ಓಣಿಯವರು ಬಾಳೆದಿಂಡಿನ ರಸ ಹಿಡಿದುಕೊಂಡು ಬಂದರು. ಪಿತ್ತಕೋಶಕ್ಕೂ ಮೂತ್ರದ ದಾರಿಗೂ ಸಂಬಂಧವೇ ಇಲ್ಲ. ಎಷ್ಟು ನೀರು ಕುಡಿದರೂ ಆ ಕಲ್ಲು ಆ ದಾರಿಯಲ್ಲಿ ಬರುವುದಿಲ್ಲ. ಕಿಡ್ನಿ ಕಲ್ಲು ಜಾರಿದರೆ ಖುಷಿಪಡುತ್ತೇವೆ. ಪಿತ್ತಕೋಶದ ಸಣ್ಣ ಕಲ್ಲು ಜಾರಿ ಪಿತ್ತನಾಳಕ್ಕೆ ಬಿದ್ದರೆ ಕಾಮಾಲೆ ಅಥವಾ ಮೇದೋಜೀರಕದ ಉರಿಯೂತ ಆಗಬಹುದು. ಇನ್ನು ಗಾಲ್ ಬ್ಲಾಡರ್ ಅಂದಾಗ ಬ್ಲಾಡರ್ ಮಾತ್ರ ಕಿವಿಗೆ ಬಿದ್ದು, ಉಚ್ಚೆಚೀಲ ತೆಗೀತಾರೆ ಅಂತ ಹೆದರಿದವರನ್ನೂ ವಾರ್ಡಿನಲ್ಲಿ ನೋಡಿದ್ದೇನೆ.

ಸ್ಕ್ಯಾನಿಂಗ್‌ಗೆ ಮುಂಚಿನ ಒಗ್ಗರಣೆ ಮಿರ್ಚಿ

ಚೀಲದೊಳಗಿನ ಕಲ್ಲು ಹುಡುಕಲು ಅಲ್ಟ್ರಾಸೌಂಡಿಗಿಂತ ಒಳ್ಳೆಯ ಮೊದಲ ಪರೀಕ್ಷೆ ಇಲ್ಲ. ಸರಿಯಾಗಿ ಮಾಡಿದರೆ ನೂರರಲ್ಲಿ 95ರ ಹತ್ತಿರ ಸಿಗುತ್ತವೆ. ಎಕ್ಸ್‌ರೇಯಲ್ಲಿ ಕಾಣುವುದು 10ರಿಂದ 15 ಮಾತ್ರ, ಏಕೆಂದರೆ ಹೆಚ್ಚಿನ ಕಲ್ಲುಗಳಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇರುವುದಿಲ್ಲ. ಸಿಟಿ ಸ್ಕ್ಯಾನ್ ದುಬಾರಿ, ಆದರೂ ಕೊಲೆಸ್ಟ್ರಾಲ್ ಕಲ್ಲುಗಳನ್ನು ಬಿಟ್ಟುಬಿಡಬಹುದು. ಎಂಡೋಸ್ಕೋಪಿ ನೋಡುವುದು ಜಠರದ ಒಳಗೋಡೆ. ಪಿತ್ತಕೋಶ ಅದರ ದಾರಿಯಲ್ಲೇ ಇಲ್ಲ. ಚಿಗವ್ವನಿಗೆ ಎಂಡೋಸ್ಕೋಪಿಯಲ್ಲಿ ಜಠರ ಸ್ವಲ್ಪ ಕೆಂಪಾಗಿದೆ ಅಂತ ಬಂತು. ಕೆಂಪು ನಿಜವೇ ಇರಬಹುದು, ರಾತ್ರಿ ನೋವಿಗೆ ಕಾರಣ ಅದಲ್ಲ. ಆದರೆ ಒಂದು ಕಾರಣ ಕೈಗೆ ಸಿಕ್ಕಮೇಲೆ ಇನ್ನೊಂದನ್ನು ಯಾರು ಹುಡುಕುತ್ತಾರೆ? ಮತ್ತೆ ಮೂರು ತಿಂಗಳು ಗುಳಿಗೆ.

ಈಗ ಚಿಗವ್ವನ ಮೊದಲ ಸ್ಕ್ಯಾನಿಂಗ್ ವಿಷಯ. ಪಿತ್ತಕೋಶ ನೋಡಬೇಕಾದರೆ 6ರಿಂದ 8 ತಾಸು ಏನೂ ತಿಂದಿರಬಾರದು. ಆಗ ಚೀಲ ತುಂಬಿ ಉಬ್ಬಿರುತ್ತದೆ, ಕಲ್ಲು ಎದ್ದು ಕಾಣುತ್ತದೆ. ಚಿಗವ್ವನಿಗೆ ಕೌಂಟರಿನಲ್ಲಿ ಹೇಳಿದ್ದು ಒಂದೇ: "ನೀರು ಕುಡ್ದು ಬರ್ರಿ." ಅದು ಕೆಳಹೊಟ್ಟೆ ನೋಡಲು ಮೂತ್ರಕೋಶ ತುಂಬಿಸುವ ಮಾತು. ಅವಳು ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ, ಹಾಲು ಜಾಸ್ತಿ ಹಾಕಿದ ಚಹಾ ಮುಗಿಸಿ, ಮೇಲೆ ಒಂದು ಬಾಟಲಿ ನೀರು ಕುಡಿದು ಹೋದಳು. ಚೀಲ ಹಿಂಡಿಕೊಂಡು ಮುದುಡಿತ್ತು. ರಿಪೋರ್ಟಿನಲ್ಲಿ ಪಿತ್ತಕೋಶ ಕುಗ್ಗಿದೆ ಅಂತ ಒಂದು ಸಾಲು, ಕೆಳಗೆ ಬೇರೆ ದೋಷ ಕಾಣಲಿಲ್ಲ ಅಂತ ಇನ್ನೊಂದು. ಎಲ್ಲರೂ ಓದಿದ್ದು ಎರಡನೆಯದನ್ನು. ನಾನೂ ಅದನ್ನೇ ಓದಿದೆ, ಆಗ ಮೊದಲ ವರ್ಷದಲ್ಲಿದ್ದೆ. ಕುಗ್ಗಿದೆ ಅಂತ ಕಂಡರೆ ನಾವು ಕೇಳಬೇಕಾದದ್ದು, "ಅವ್ವಾ, ಮುಂಜಾನಿ ಏನು ತಿಂದು ಬಂದಿದ್ದಿ?" ಖಾಲಿ ಹೊಟ್ಟೆಯಲ್ಲಿ ಮತ್ತೆ ಮಾಡಿಸಿದಾಗ ಕಲ್ಲುಗಳು ಸಾಲಾಗಿ ಕಂಡವು.

ಖಾಲಿ ಹೊಟ್ಟೆಯಲ್ಲೇ ಮಾಡಿದರೂ ಅಲ್ಟ್ರಾಸೌಂಡ್ ತಪ್ಪುವ ಜಾಗಗಳಿವೆ. ನಾಳದಲ್ಲಿ ಬಿದ್ದ ಕಲ್ಲನ್ನು ಕರುಳಿನ ಗಾಳಿ ಮುಚ್ಚಿಬಿಡುತ್ತದೆ. ಕಾಮಾಲೆ ಇದ್ದರೆ, ನಾಳ ಅಗಲವಾಗಿದ್ದರೆ ಎಂಆರ್‌ಸಿಪಿ, ಅಂದರೆ ಪಿತ್ತನಾಳ ತೋರಿಸುವ ಎಂಆರ್‌ಐ, ಕೇಳುತ್ತಾರೆ. ಕಲ್ಲೇ ಇಲ್ಲದೆ ಚೀಲ ಸರಿಯಾಗಿ ಹಿಂಡದ ಸಮಸ್ಯೆಯೂ ಉಂಟು. ಅದಕ್ಕೆ ಹೈಡಾ ಸ್ಕ್ಯಾನ್. ಹಾರ್ಮೋನು ಕೊಟ್ಟು ಚೀಲ ಎಷ್ಟು ಖಾಲಿಯಾಗುತ್ತದೆ ಅಂತ ಅಳೆಯುತ್ತಾರೆ. ಸುಮಾರು 38 ಶೇಕಡಾಕ್ಕಿಂತ ಕಡಿಮೆಯಾದರೆ ಅನುಮಾನ. ಆದರೆ ಅದೊಂದೇ ಅಂಕಿ ನಂಬಿ ಆಪರೇಷನ್ ಮಾಡುವುದಿಲ್ಲ, ನೋವಿನ ಕಥೆಯೂ ಹೊಂದಬೇಕು.

ಯಾರನ್ನು ಮರೆಯುತ್ತೇವೆ

ದಪ್ಪಗಿರುವ, ನಲವತ್ತರ, ಮಕ್ಕಳಾದ ಹೆಣ್ಣುಮಗಳು ಅಂತ ಒಂದು ಚಿತ್ರ ಬಾಯಿಪಾಠ ಮಾಡಿದ್ದೇವೆ. ಪರೀಕ್ಷೆಗೆ ಸರಿ. ಹೊಲದಲ್ಲಿ ದುಡಿಯುವ ತೆಳ್ಳನೆಯ ಗಂಡಸು ಬಂದರೆ ಅದೇ ಚಿತ್ರ ಅಡ್ಡ ಬರುತ್ತದೆ. ಬಾಣಂತಿಯರನ್ನಂತೂ ನೋಡಿ. ಬಸಿರಿನಲ್ಲಿ ಹಾರ್ಮೋನಿನಿಂದ ಚೀಲ ನಿಧಾನವಾಗುತ್ತದೆ, ಪಿತ್ತರಸದ ಕೆಸರು ಕೂಡುತ್ತದೆ. ಹೆರಿಗೆಯಾದ ಮೇಲೆ ತುಪ್ಪ, ಕೊಬ್ಬರಿ ಹಾಕಿದ ಅಂಟಿನ ಉಂಡೆ ತಿನ್ನಿಸುತ್ತೇವೆ. ನೋವು ಬಂದರೆ "ಬಾಣಂತಿ ವಾಯು" ಅಂತ ಹೊಟ್ಟೆಗೆ ಬಟ್ಟೆ ಬಿಗಿದು ಮಲಗಿಸುತ್ತೇವೆ. ಸಕ್ಕರೆ ಕಾಯಿಲೆಯ ವಯಸ್ಸಾದವರಲ್ಲಿ ಇನ್ನೂ ಕಷ್ಟ. ಒಳಗೆ ಉರಿಯೂತ ಇದ್ದರೂ ನೋವು ಅಷ್ಟಾಗಿ ಇರದಿರಬಹುದು.

ಇವು ಕಂಡರೆ ಬೆಳಗಿನ ಓಪಿಡಿಗೆ ಕಾಯಲೇಬಾರದು: ಆರು ತಾಸಾದರೂ ಇಳಿಯದ ನೋವು, ಚಳಿ ಜ್ವರ, ಕಣ್ಣು ಹಳದಿ, ಬೆನ್ನಿಗೆ ಹಾಯುವ ನೋವಿನ ಜೊತೆ ನಿಲ್ಲದ ವಾಂತಿ. ಕೊನೆಯದಕ್ಕೆ ಲೈಪೇಸ್ ಪರೀಕ್ಷೆ, ಅಂದರೆ ಮೇದೋಜೀರಕದ ಉರಿಯೂತ ಹಿಡಿಯುವ ರಕ್ತಪರೀಕ್ಷೆ, ಬರೆಯುತ್ತಾರೆ.

ಕಲ್ಲು ಸಿಕ್ಕಮೇಲೆ

ಇಲ್ಲಿ ಎದುರು ದಿಕ್ಕಿನ ತಪ್ಪು ಶುರುವಾಗುತ್ತದೆ. ಕಲ್ಲಿರುವ ಹೆಚ್ಚಿನವರಿಗೆ, ನೂರರಲ್ಲಿ ಸುಮಾರು 80 ಜನರಿಗೆ, ಯಾವ ತೊಂದರೆಯೂ ಇರುವುದಿಲ್ಲ. ಬೇರೆ ಏನೋ ನೋಡಲು ಹೋಗಿ ಕಲ್ಲು ಕಂಡರೆ, ಎದೆ ಉರಿ, ಹೊಟ್ಟೆ ಉಬ್ಬರ ಎಲ್ಲವನ್ನೂ ಅದರ ತಲೆಗೆ ಕಟ್ಟುತ್ತಾರೆ. ಆಪರೇಷನ್ ಆದಮೇಲೂ ಉರಿ ಹೋಗದಿದ್ದರೆ ರೋಗಿ ಮೋಸ ಹೋದೆ ಅಂದುಕೊಳ್ಳುತ್ತಾರೆ.

ಚಿಗವ್ವನಿಗೂ ಎರಡೂ ಇದ್ದವು, ರಾತ್ರಿಯ ಗೂಟವೂ ಊಟವಾದ ಮೇಲಿನ ಉರಿಯೂ. ಸಣ್ಣ ತೂತುಗಳಿಂದ ಪಿತ್ತಕೋಶ ತೆಗೆಯುವ ಲ್ಯಾಪ್ರೊಸ್ಕೋಪಿಗೆ ಮುಂಚೆ ಸರ್ಜನ್ ಅವಳನ್ನು ಕೂರಿಸಿಕೊಂಡು, "ಡುಬ್ಬದ ನೋವು ಹೋಗತೈತಿ, ಉರೀದು ಗ್ಯಾರಂಟಿ ಕೊಡಂಗಿಲ್ಲ" ಅಂದರು. ಹದಿನಾಲ್ಕು ತಿಂಗಳಲ್ಲಿ ಅವಳ ನೋವನ್ನು ಎರಡು ಅಂತ ಎಣಿಸಿದವರು ಅವರೊಬ್ಬರೇ. ಗೂಟ ಮತ್ತೆ ಬರಲಿಲ್ಲ. ಉರಿ ಈಗಲೂ ಇದೆ, ಮಿರ್ಚಿ ತಿಂದ ದಿನ ಸ್ವಲ್ಪ ಜಾಸ್ತಿ.