ಧ್ವನಿಯಿಂದ ಎಐ ಕೋಡಿಂಗ್ ಸಹಾಯಕವನ್ನು ನಡೆಸುವುದು: ಜೊತೆಗೆ ಕಲಿಯುವವರಿಗೊಂದು ಟಿಪ್ಪಣಿ

ಕೀಬೋರ್ಡ್ ಮುಟ್ಟದೆ ಮಾತಿನಿಂದಲೇ ಪ್ರೋಗ್ರಾಮ್ ಬರೆಯುವ ಪ್ರಯತ್ನ ನಾವು ಹೇಳಿದ ಕೆಲಸಕ್ಕೆ ತಾವೇ ಕೋಡ್ ಬರೆದುಕೊಡುವ ಎಐ ಸಹಾಯಕಗಳು ಬರುವುದಕ್ಕೆ ಬಹಳ ಮೊದಲೇ ಆರಂಭವಾಗಿತ್ತು. ಪದಪದಕ್ಕೂ ತಡೆದು ನಿಲ್ಲದೆ ಸಹಜ ವೇಗದಲ್ಲಿ ಆಡಿದ ಮಾತನ್ನು ಬರೆದುಕೊಳ್ಳುವ ಡ್ರ್ಯಾಗನ್ ನ್ಯಾಚುರಲಿಸ್ಪೀಕಿಂಗ್ 1997ರಲ್ಲಿ ಮಾರುಕಟ್ಟೆಗೆ ಬಂತು. ಕೈನೋವಿನಿಂದ ಟೈಪ್ ಮಾಡಲಾಗದ ಸ್ಥಿತಿ ತಲುಪಿದ್ದ ಪ್ರೋಗ್ರಾಮರ್ ಟ್ಯಾವಿಸ್ ರಡ್ ಅವರು ಅದನ್ನೇ ತಳಹದಿ ಮಾಡಿಕೊಂಡು, ತಾವೇ ಕಟ್ಟಿಕೊಂಡ ತುಂಡು ಶಬ್ದಗಳ ಆಜ್ಞೆಗಳಿಂದ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಬಳಕೆದಾರರು ಸೇರುವ 2013ರ ಪೈಕಾನ್ ಸಮ್ಮೇಳನದಲ್ಲಿ ಪೈಥಾನ್ ಕೋಡ್ ಬರೆದು ತೋರಿಸಿದರು. ಇಂದು ಬಳಕೆಯಲ್ಲಿರುವ ಟ್ಯಾಲನ್ ಎಂಬ ತಂತ್ರಾಂಶವೂ ಇದೇ ದಾರಿಯದು. ಅದರಲ್ಲಿ ‘ಏರ್’ ಎಂದರೆ ಎ ಅಕ್ಷರ, ‘ಬ್ಯಾಟ್’ ಎಂದರೆ ಬಿ, ‘ಕ್ಯಾಪ್’ ಎಂದರೆ ಸಿ. ಆವರಣ ಚಿಹ್ನೆಗೂ ಸಾಲು ಬದಲಿಸುವುದಕ್ಕೂ ಒಂದೊಂದು ಮಾತು ಗೊತ್ತುಪಡಿಸಲಾಗಿದೆ. ಅದರ ಜೊತೆ ಕರ್ಸರ್‌ಲೆಸ್ ಎಂಬ ವಿಸ್ತರಣೆಯನ್ನು ಸೇರಿಸಿಕೊಂಡರೆ ಪರದೆಯ ಮೇಲಿನ ಪ್ರತಿ ಪದದಲ್ಲೂ ಒಂದು ಅಕ್ಷರದ ತಲೆಯ ಮೇಲೆ ಬಣ್ಣದ ಗುರುತು ಬೀಳುತ್ತದೆ. ಆ ಬಣ್ಣವನ್ನೂ ಅಕ್ಷರವನ್ನೂ ಹೇಳಿ ಬೇಕಾದ ಪದವನ್ನು ಹಿಡಿಯಬಹುದು.

ಈ ಪದ್ಧತಿಯಲ್ಲಿ ಹೇಳಿದ್ದಷ್ಟೇ ಆಗುತ್ತದೆ. ಕಲಿಯುವುದಕ್ಕೆ ತಿಂಗಳುಗಟ್ಟಲೆ ಸಮಯ ಬೇಕು. ಆದರೆ ತಪ್ಪಾದರೆ ಅದು ಆ ಕ್ಷಣದಲ್ಲೇ ಕಣ್ಣಿಗೆ ಬೀಳುತ್ತದೆ. ಎಐ ಸಹಾಯಕ ಈ ಲೆಕ್ಕವನ್ನು ಬದಲಿಸಿತು. ‘ತೂಕ ಸೊನ್ನೆ ಇದ್ದರೆ ಆ ಸಾಲನ್ನು ಬಿಟ್ಟುಬಿಡು’ ಎಂದು ಸಾಮಾನ್ಯ ಮಾತಿನಲ್ಲಿ ಹೇಳಿದರೂ ಅದು ಸರಿಯಾದ ಚಿಹ್ನೆಗಳೊಡನೆ ಕೋಡ್ ಬರೆಯುತ್ತದೆ, ಒಂದೆರಡು ಪದ ತಪ್ಪಾಗಿ ಕೇಳಿಸಿದರೂ ಸಂದರ್ಭದಿಂದ ಅರ್ಥ ಹಿಡಿಯುತ್ತದೆ. ಕೋಡನ್ನು ಹೆಚ್ಚು ನೋಡದೆ ಎಐಗೆ ಹೇಳುತ್ತಲೇ ಪ್ರೋಗ್ರಾಮ್ ಮಾಡಿಸುವ ರೀತಿಗೆ 2025ರ ಫೆಬ್ರುವರಿಯಲ್ಲಿ ‘ವೈಬ್ ಕೋಡಿಂಗ್’ ಎಂಬ ಹೆಸರನ್ನು ಚಲಾವಣೆಗೆ ತಂದ ಎಐ ಸಂಶೋಧಕ ಆಂಡ್ರೆ ಕಾರ್ಪತಿ ಅವರೂ ತಾವು ಸಹಾಯಕದೊಡನೆ ಮಾತನಾಡಿಯೇ ಕೆಲಸ ಮಾಡಿಸುತ್ತಿದ್ದು ಕೀಬೋರ್ಡ್ ಮುಟ್ಟುವುದೇ ಅಪರೂಪವಾಗಿದೆ ಎಂಬುದನ್ನು ಅದೇ ಬರಹದಲ್ಲಿ ತಿಳಿಸಿದ್ದರು. ಹಾಗೆಂದು ಎಚ್ಚರದ ಅಗತ್ಯ ಕಡಿಮೆಯಾಯಿತೆಂದು ಭಾವಿಸಬಾರದು. ಮೊದಲು ಅಕ್ಷರ ಅಕ್ಷರಕ್ಕೆ ಬೇಕಾಗಿದ್ದ ಎಚ್ಚರ ಈಗ, ಸಹಾಯಕ ಮಾಡಹೊರಟ ಕೆಲಸಕ್ಕೆ ನಾವು ಒಪ್ಪಿಗೆ ಕೊಡುವ ಗಳಿಗೆಯಲ್ಲಿ ಬೇಕಾಗಿದೆ. ಈ ಟಿಪ್ಪಣಿಯ ಉಳಿದ ಭಾಗವನ್ನು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕೆಂದು ಕೋರುತ್ತೇನೆ.

ಮಾತು ಸಾಗುವ ದಾರಿ

ಮೈಕಿಗೆ ಬಿದ್ದ ಧ್ವನಿ ಸಹಾಯಕವನ್ನು ಮುಟ್ಟುವ ಮೊದಲು ಮೂರು ಹಂತಗಳನ್ನು ದಾಟುತ್ತದೆ. ಮೊದಲ ಹಂತದಲ್ಲಿ ಯಾರಾದರೂ ಮಾತನಾಡುತ್ತಿದ್ದಾರೆಯೇ ಅಥವಾ ಬರಿಯ ಸದ್ದೇ ಎಂಬುದನ್ನು ಒಂದು ಚಿಕ್ಕ ಪ್ರೋಗ್ರಾಮ್ ತೀರ್ಮಾನಿಸುತ್ತದೆ. ಎರಡನೆಯದರಲ್ಲಿ ಧ್ವನಿ ಬರಹವಾಗುತ್ತದೆ. ಮೂರನೆಯದರಲ್ಲಿ ಆ ಬರಹ ಆಜ್ಞೆಯೋ ಅಥವಾ ಸಹಾಯಕಕ್ಕೆ ತಲುಪಿಸಬೇಕಾದ ವಾಕ್ಯವೋ ಎಂಬುದು ನಿರ್ಧಾರವಾಗುತ್ತದೆ. ತೊಂದರೆ ಬಂದಾಗ ಯಾವ ಹಂತದಲ್ಲಿ ಬಂತು ಎಂದು ಬಿಡಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಬೇಕು. ಏಕೆಂದರೆ ಎಲ್ಲ ತಪ್ಪನ್ನೂ ‘ಎಐಗೆ ಅರ್ಥವಾಗಲಿಲ್ಲ’ ಎಂದು ಸಹಾಯಕದ ಮೇಲೆ ಹಾಕಿದರೆ ಮೈಕನ್ನು ಸರಿಪಡಿಸಬೇಕಾದಲ್ಲಿ ನಾವು ವಾಕ್ಯವನ್ನು ತಿದ್ದುತ್ತಾ ಕೂರುತ್ತೇವೆ.

ಧ್ವನಿಯನ್ನು ಬರಹ ಮಾಡಲು ಹೆಚ್ಚಾಗಿ ಬಳಕೆಯಾಗುವ ವಿಸ್ಪರ್ ಎಂಬ ಎಐ ಮಾದರಿಯನ್ನು ಓಪನ್‌ಎಐ ಸಂಸ್ಥೆ 2022ರ ಸೆಪ್ಟೆಂಬರಿನಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿತು. ಹಲವು ಭಾಷೆಗಳ 6,80,000 ಗಂಟೆಗಳ ಧ್ವನಿಯಿಂದ ಅದನ್ನು ತರಬೇತುಗೊಳಿಸಲಾಗಿದೆ. ಸೆಕೆಂಡಿಗೆ 16,000 ಸಲ ಅಳೆದ ಧ್ವನಿಯನ್ನು ತೆಗೆದುಕೊಂಡು, 30 ಸೆಕೆಂಡುಗಳ ತುಂಡುಗಳಾಗಿ ಅದು ಕೆಲಸ ಮಾಡುತ್ತದೆ. ಅದರ ಅತಿ ಚಿಕ್ಕ ರೂಪದಲ್ಲಿ 3 ಕೋಟಿ 90 ಲಕ್ಷ ನಿಯತಾಂಕಗಳೂ (ತರಬೇತಿಯಲ್ಲಿ ಹೊಂದಿಕೆಯಾದ ಅಂಕಿಗಳು) ಅತಿ ದೊಡ್ಡ ರೂಪದಲ್ಲಿ ಸುಮಾರು 155 ಕೋಟಿ ನಿಯತಾಂಕಗಳೂ ಇವೆ. ಇದನ್ನು ನಮ್ಮದೇ ಲ್ಯಾಪ್‌ಟಾಪಿನಲ್ಲಿ, ಇಂಟರ್‌ನೆಟ್ ಇಲ್ಲದೆಯೂ ಓಡಿಸಬಹುದು ಎಂಬುದು ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗಿಬರುವ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳವರಿಗೆ ಸಣ್ಣ ಅನುಕೂಲವಲ್ಲ. ಹೆಚ್ಚಿನ ಸಹಾಯಕಗಳಿಗೆ ಹೇಗೂ ಸಂಪರ್ಕ ಬೇಕೇ ಬೇಕು ಎನ್ನುವುದು ನಿಜ. ಆದರೆ ಭಾರವಾದ ಧ್ವನಿಯ ಬದಲು ಹಗುರವಾದ ಬರಹ ಮಾತ್ರ ಹೊರಗೆ ಹೋಗುವುದರಿಂದ ದುರ್ಬಲ ಸಂಪರ್ಕದಲ್ಲೂ ಕೆಲಸ ಸಾಗುತ್ತದೆ, ಮನೆಯ ಮಾತು ಮನೆಯಲ್ಲೇ ಉಳಿಯುತ್ತದೆ.

ವಿಸ್ಪರ್‌ಗೆ ಒಂದು ದೋಷವಿದೆ ಮತ್ತು ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಅದನ್ನು ವಿಶೇಷವಾಗಿ ತಿಳಿದಿರಬೇಕು. ಮಾತೇ ಇಲ್ಲದ ಮೌನವನ್ನೋ ಒಂದೇ ಸಮನೆಯ ಸದ್ದನ್ನೋ ಅದಕ್ಕೆ ಕೊಟ್ಟರೆ, ಯಾರೂ ಆಡದ ವಾಕ್ಯವನ್ನು ಅದು ತಾನೇ ಬರೆದುಬಿಡುವುದುಂಟು. ‘ಥ್ಯಾಂಕ್ ಯೂ’ ಎಂಬಂಥ ಮಾತು ಹೀಗೆ ಮೂಡುವುದು ಪ್ರಸಿದ್ಧ. ಟಿಪ್ಪಣಿ ಬರೆಸಿಕೊಳ್ಳುವಾಗ ಇದನ್ನು ಅಳಿಸಿದರೆ ಮುಗಿಯಿತು. ಆದರೆ ಕೇಳಿದ್ದನ್ನೆಲ್ಲ ಸೂಚನೆಯೆಂದು ತಿಳಿದು ಫೈಲ್ ತಿದ್ದುವ ಸಹಾಯಕದ ಮುಂದೆ ಇಂಥ ವಾಕ್ಯ ಬಿದ್ದರೆ ಪರಿಣಾಮ ಬೇರೆ. ಜುಲೈನಲ್ಲಿ ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ, ಇಲ್ಲವೇ ಕಾರವಾರದಲ್ಲಿ ಕಡಲ ಗಾಳಿಗೆ ಕಿಟಕಿ ತೆರೆದಿಟ್ಟು ಕುಳಿತಾಗ, ಮೊದಲ ಹಂತದ ಮಾತು ಪತ್ತೆ ಮಾಡುವ ಪ್ರೋಗ್ರಾಮ್ ಗಟ್ಟಿಯಾಗಿರಲೇಬೇಕು. ಎಷ್ಟು ಸದ್ದಿದ್ದರೆ ಮಾತೆಂದು ತಿಳಿಯಬೇಕೆಂಬ ಅದರ ಮಿತಿಯನ್ನು ಬೇಸಿಗೆಯ ಸದ್ದಿಲ್ಲದ ಕೋಣೆಯಲ್ಲಿ ಹೊಂದಿಸಿ ಹಾಗೆಯೇ ಬಿಡಬಾರದು. ಇದಕ್ಕಿಂತ ಸುಲಭದ ಉಪಾಯವೆಂದರೆ ಮೈಕನ್ನು ಬಾಯಿಯ ಹತ್ತಿರ ತರುವುದು: ದೂರವನ್ನು ಅರ್ಧಕ್ಕಿಳಿಸಿದರೆ ಮೈಕಿಗೆ ತಲುಪುವ ನಮ್ಮ ಧ್ವನಿ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ, ಮಳೆಯ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ದುಬಾರಿ ಮೇಜಿನ ಮೈಕಿಗಿಂತ ಬಾಯಿಯ ಬಳಿ ಬರುವ ಸಾಧಾರಣ ಹೆಡ್‌ಸೆಟ್ ಇಲ್ಲಿ ಮೇಲು. ಸಹಾಯಕದ ಉತ್ತರವನ್ನು ಓದಿಸಿ ಕೇಳುವವರಿಗೆ ಹೆಡ್‌ಸೆಟ್ ಇನ್ನೂ ಅಗತ್ಯ, ಏಕೆಂದರೆ ಸ್ಪೀಕರಿನಿಂದ ಹೊರಟ ಅದರ ಮಾತನ್ನೇ ಮೈಕು ಮತ್ತೆ ಕೇಳಿಸಿಕೊಂಡು ಹೊಸ ಆಜ್ಞೆಯೆಂದು ತಿಳಿಯಬಹುದು.

ನಮ್ಮ ಪದಗಳು

ಅಡಿಕೆ ವ್ಯವಹಾರಕ್ಕೊಂದು ತೂಕದ ಲೆಕ್ಕದ ಪ್ರೋಗ್ರಾಮ್ ಬರೆಯುತ್ತಿದ್ದೇವೆ ಎಂದುಕೊಳ್ಳೋಣ. ಅದರಲ್ಲಿ ಚಾಲಿ, ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂಬ ಬಗೆಗಳ ಹೆಸರು ಬರಲೇಬೇಕು. ಇಂಗ್ಲಿಷಿಗೆ ಹೊಂದಿಸಿದ ಮಾದರಿಗೆ ಚಾಲಿ ‘ಚಾರ್ಲಿ’ ಎಂದೂ ಬೆಟ್ಟೆ ‘ಬೆಟರ್’ ಎಂದೂ ಕೇಳಿಸುವ ಸಂಭವ ಹೆಚ್ಚು. ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ಈ ಪದಗಳು ಸುಧಾರಿಸಬಹುದು, ಆದರೆ ‘ಫಂಕ್ಷನ್’, ‘ಇಂಡೆಕ್ಸ್’, ಫೈಲಿನ ಹೆಸರು ಮುಂತಾದವೆಲ್ಲ ಕನ್ನಡ ಲಿಪಿಯಲ್ಲಿ ಬರತೊಡಗುತ್ತವೆ. ವಿಸ್ಪರ್‌ನ ತರಬೇತಿಯಲ್ಲಿ ಕನ್ನಡದ ಪಾಲು ಬಹಳ ಸಣ್ಣದಾದ್ದರಿಂದ ಅದರ ಕನ್ನಡ ಬರಹ ಇಂಗ್ಲಿಷಿನಷ್ಟು ನಂಬಿಕೆಗೆ ಯೋಗ್ಯವೂ ಅಲ್ಲ. ಕನ್ನಡದಲ್ಲೇ ಮಾತನಾಡಬೇಕೆನ್ನುವವರು ಐಐಟಿ ಮದ್ರಾಸಿನ ಎಐ4ಭಾರತ್ ತಂಡ ಭಾರತೀಯ ಭಾಷೆಗಳಿಗಾಗಿ ಬಿಡುಗಡೆ ಮಾಡಿರುವ ಮಾದರಿಗಳನ್ನು ಪ್ರಯತ್ನಿಸಿ ನೋಡಬೇಕು. ಎರಡು ಭಾಷೆ ಬೆರೆಸಿ ಮಾತನಾಡುವುದು ನಮಗೆ ಸಹಜ, ಕಾರವಾರದವರು ಕೊಂಕಣಿಯನ್ನೂ ಸೇರಿಸುತ್ತಾರೆ; ವಿಸ್ಪರ್ ಮಾತ್ರ ಒಂದು ತುಂಡಿಗೆ ಒಂದೇ ಭಾಷೆಯೆಂದು ಊಹಿಸಿ ನಡೆಯುತ್ತದೆ.

ಇದಕ್ಕೆ ಎರಡು ಪರಿಹಾರಗಳಿವೆ ಮತ್ತು ಎರಡನ್ನೂ ಒಟ್ಟಿಗೆ ಬಳಸುವುದು ಒಳ್ಳೆಯದು. ಮೊದಲನೆಯದು, ವಿಸ್ಪರ್‌ಗೆ ಮುಂಚಿತವಾಗಿ ಒಂದು ಸುಳಿವಿನ ಪಠ್ಯ ಕೊಡುವುದು. ಅದರಲ್ಲಿ ನಮ್ಮ ಪದಗಳನ್ನು ಇಂಗ್ಲಿಷ್ ಕಾಗುಣಿತದಲ್ಲಿ ಬರೆದಿಟ್ಟರೆ ಮಾದರಿ ಅವುಗಳತ್ತ ವಾಲುತ್ತದೆ. ಈ ಪಠ್ಯದಲ್ಲಿ ಕೊನೆಯ 224 ಪದತುಣುಕುಗಳನ್ನು, ಅಂದರೆ ಟೋಕನ್‌ಗಳನ್ನು ಮಾತ್ರ ಅದು ಗಮನಿಸುವುದರಿಂದ ಇಡೀ ನಿಘಂಟನ್ನು ತುಂಬಬಾರದು. ಎರಡನೆಯದು ನನಗೆ ಹೆಚ್ಚು ಮೆಚ್ಚುಗೆಯಾದದ್ದು: ಕ್ಲಾಡ್ ಕೋಡ್‌ನಂಥ ಸಹಾಯಕಗಳು ಪ್ರಾಜೆಕ್ಟಿನ ಫೋಲ್ಡರಿನಲ್ಲಿರುವ ಸೂಚನೆಗಳ ಫೈಲನ್ನು ಪ್ರತಿ ಸಲ ಓದಿಕೊಂಡೇ ಕೆಲಸ ಆರಂಭಿಸುತ್ತವೆ. ಅದರಲ್ಲಿ ‘ಸೂಚನೆಗಳು ಧ್ವನಿಯಿಂದ ಬರುತ್ತವೆ, ಚಾರ್ಲಿ ಎಂದು ಕಂಡರೆ ಚಾಲಿ ಎಂದು ತಿಳಿ, ಫೈಲಿನ ಹೆಸರು ಹೊಂದದಿದ್ದರೆ ಹತ್ತಿರದ ಹೆಸರನ್ನು ಹುಡುಕಿ ನನ್ನನ್ನು ಕೇಳು’ ಎಂದು ಬರೆದಿಟ್ಟರೆ, ಕಿವಿಯ ತಪ್ಪನ್ನು ಓದುವವನೇ ತಿದ್ದಿಕೊಂಡಂತಾಗುತ್ತದೆ. ಅಂಕಿಗಳನ್ನು ಮಾತ್ರ ಸಂದರ್ಭಕ್ಕೆ ಬಿಡಬಾರದು. ಇಂಗ್ಲಿಷಿನ ಫಿಫ್ಟೀನ್ ಮತ್ತು ಫಿಫ್ಟಿ ಸುಲಭವಾಗಿ ಅದಲುಬದಲಾಗುತ್ತವೆ, ಮತ್ತು 15 ಕ್ವಿಂಟಲ್ ಆಗಲಿ 50 ಕ್ವಿಂಟಲ್ ಆಗಲಿ ಸಹಾಯಕಕ್ಕೆ ಸಮಾನವಾಗಿ ಸರಿಯೆಂದೇ ತೋರುತ್ತದೆ. ‘ಒನ್ ಫೈವ್’ ಎಂದು ಬಿಡಿಬಿಡಿಯಾಗಿ ಹೇಳುವುದು ಕ್ಷೇಮ.

ಯಾವಾಗ ಕೇಳಬೇಕು, ಯಾವಾಗ ಕಳುಹಿಸಬೇಕು

ಕೆಲಸದ ಸಾಧನಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಕೋಡ್ ಸಂಗ್ರಹಿಸಿಡುವ ತಾಣವಾದ ಗಿಟ್‌ಹಬ್ 2022ರ ನವೆಂಬರಿನಲ್ಲಿ ‘ಹೇ, ಗಿಟ್‌ಹಬ್’ ಎಂದು ಕರೆದು ತನ್ನ ಕೋಡಿಂಗ್ ಸಹಾಯಕವಾದ ಕೋಪೈಲಟ್‌ಗೆ ಹೇಳುವ ಪ್ರಯೋಗವನ್ನು ಪ್ರಕಟಿಸಿತ್ತು. ಅದು ಮುಂದೆ ನಿಂತುಹೋಯಿತು. ಕೋಡ್ ಬರೆಯುವ ತಂತ್ರಾಂಶವಾದ ವಿಎಸ್ ಕೋಡ್‌ನ ಸ್ಪೀಚ್ ವಿಸ್ತರಣೆಯಲ್ಲಿ ‘ಹೇ ಕೋಡ್’ ಎಂದರೆ ಚಾಟ್ ಎಚ್ಚರಗೊಳ್ಳುತ್ತದೆ, ಧ್ವನಿಯ ಸಂಸ್ಕರಣೆ ನಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಆಜ್ಞೆಗಳನ್ನು ಬರೆದು ಕಂಪ್ಯೂಟರನ್ನು ನಡೆಸುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಓಡುವ ಕೋಡಿಂಗ್ ಸಹಾಯಕವಾದ ಏಡರ್‌ನಲ್ಲಿ ‘ವಾಯ್ಸ್’ ಎಂಬ ಆಜ್ಞೆ ಇದೆಯಾದರೂ ಮಾತು ಮುಗಿದಾಗ ಎಂಟರ್ ಒತ್ತಬೇಕಾದ್ದರಿಂದ ಅದೊಂದನ್ನೇ ನಂಬಿದರೆ ಕೈಗೆ ಪೂರ್ತಿ ಬಿಡುವು ಸಿಗುವುದಿಲ್ಲ. ಕಾಲಿನಿಂದ ಒತ್ತುವ ಯುಎಸ್‌ಬಿ ಪೆಡಲ್ ಕಂಪ್ಯೂಟರಿಗೆ ಒಂದು ಕೀಬೋರ್ಡಿನಂತೆಯೇ ಕಾಣುವುದರಿಂದ ಆ ಎಂಟರನ್ನು ಪೆಡಲಿಗೆ ಕೊಡಬಹುದು.

ಸಾಧನ ಯಾವುದೇ ಇರಲಿ, ಮೌನವನ್ನೇ ವಾಕ್ಯದ ಮುಕ್ತಾಯವೆಂದು ತಿಳಿದು ತಾನಾಗಿ ಕಳುಹಿಸುವ ವ್ಯವಸ್ಥೆಯನ್ನು ಬಂದ್ ಮಾಡಿಡಬೇಕೆಂಬುದು ನನ್ನ ದೃಢವಾದ ಸಲಹೆ. ಕೋಡ್ ಬಗ್ಗೆ ಮಾತನಾಡುವವರು ನಡುವೆ ಯೋಚಿಸುತ್ತಾರೆ. ‘ಹಳೆಯ ದಾಖಲೆಗಳನ್ನೆಲ್ಲ ತೆಗೆದುಹಾಕು’ ಎಂದು ಒಂದು ಕ್ಷಣ ನಿಂತು, ‘ಎಂಬ ಬಟನ್ನಿನ ಬಣ್ಣ ಬದಲಿಸು’ ಎಂದು ಮುಗಿಸುವಷ್ಟರಲ್ಲಿ ಮೊದಲ ಅರ್ಧ ಸಹಾಯಕಕ್ಕೆ ಹೋಗಿಬಿಟ್ಟಿದ್ದರೆ ಏನಾಗಬಹುದೆಂದು ಊಹಿಸಿ. ಕನ್ನಡದಲ್ಲಿ ವಾಕ್ಯದ ತಿರುಳಾದ ಕ್ರಿಯಾಪದ ಕೊನೆಗೆ ಬರುವುದರಿಂದ ಈ ಅಪಾಯ ನಮಗೆ ಇನ್ನೂ ಹೆಚ್ಚು. ಬರಹ ಪರದೆಯ ಮೇಲೆ ನಿಲ್ಲಲಿ. ಅದನ್ನು ಓದಿ, ನಾವೇ ಗೊತ್ತುಮಾಡಿದ ಒಂದು ಮಾತನ್ನು ಹೇಳಿದಾಗ ಮಾತ್ರ ಅದು ಹೋಗಲಿ.

ಒಪ್ಪಿಗೆಯ ಮಾತು

ಫೈಲ್ ತಿದ್ದುವ ಅಥವಾ ಟರ್ಮಿನಲ್‌ನಲ್ಲಿ ಆಜ್ಞೆ ಓಡಿಸುವ ಮೊದಲು ಸಹಾಯಕ ನಮ್ಮ ಅನುಮತಿ ಕೇಳುವಂತೆ ಇಡಬಹುದು. ಬೆರಳಿನಿಂದ ಒತ್ತುವಾಗ ಆ ಅನುಮತಿ ಅಕಸ್ಮಾತ್ತಾಗಿ ಹೋಗುವುದು ಕಡಿಮೆ, ಮಾತಿನಲ್ಲಿ ಹಾಗಲ್ಲ. ‘ಯೆಸ್’, ‘ಓಕೆ’, ‘ಹೌದು’ ಎಂಬವು ಫೋನಿನಲ್ಲೂ ಬಾಗಿಲಲ್ಲಿ ನಿಂತ ನೆರೆಯವರೊಡನೆಯೂ ಬಾಯಿಗೆ ಬರುವ ಮಾತುಗಳು. ಶಿರಸಿ ಕಡೆಯ ಮನೆಗಳಲ್ಲಿ ‘ಅಡ್ಡಿಲ್ಲೆ’ (ಪರವಾಗಿಲ್ಲ) ಎಂಬುದೂ ಹಾಗೆಯೇ. ಆದ್ದರಿಂದ ಒಪ್ಪಿಗೆಗೆ ದಿನಬಳಕೆಯಲ್ಲಿ ಒಟ್ಟಿಗೆ ಬಾರದ ಎರಡು ಪದಗಳ ಜೋಡಿಯನ್ನು ಇಟ್ಟುಕೊಳ್ಳಬೇಕು. ನಿಲ್ಲಿಸುವ ಮಾತು ಇದಕ್ಕೆ ವಿರುದ್ಧವಾಗಿರಬೇಕು: ಚಿಕ್ಕದು, ಗಾಬರಿಯಲ್ಲೂ ನೆನಪಾಗುವಂಥದ್ದು, ತಪ್ಪಾಗಿ ಕೇಳಿಸಿ ಕೆಲಸ ನಿಂತರೂ ನಷ್ಟವಿಲ್ಲದ್ದು.

ಅಳಿಸುವುದು, ಡೇಟಾಬೇಸ್ ಬದಲಿಸುವುದು, ಕೋಡನ್ನು ಹೊರಗಿನ ಸರ್ವರಿಗೆ ಕಳುಹಿಸುವುದು, ಹಣ ಖರ್ಚಾಗುವ ಸೇವೆಯನ್ನು ಕರೆಯುವುದು ಇಂಥ ಹಿಂದಿರುಗಿಸಲಾಗದ ಕೆಲಸಗಳಿಗೆ ಆ ಜೋಡಿ ಪದವೂ ಸಾಲದು. ಯಾವ ಫೈಲು, ಯಾವ ಕೋಷ್ಟಕ ಎಂಬ ಹೆಸರನ್ನು ನಾವೇ ಮರಳಿ ಹೇಳುವಂತೆ ಮಾಡಬೇಕು. ಹೆಸರು ಹೇಳಲು ಅದನ್ನು ಓದಲೇಬೇಕಾಗುತ್ತದೆ. ಕೋಣೆಯಲ್ಲಿರುವ ಟಿವಿ, ಫೋನಿನ ಸ್ಪೀಕರು, ಬೇರೆಯವರ ಮಾತು ಎಲ್ಲವೂ ಮೈಕಿಗೆ ಸಮಾನ. ಮನುಷ್ಯರ ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿಯಿಂದಲೂ ಫೋನುಗಳ ಧ್ವನಿ ಸಹಾಯಕಗಳಿಗೆ ಆಜ್ಞೆ ಕೊಡಬಹುದೆಂದು ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ತೋರಿಸಿದ್ದಾರೆ. ನಮ್ಮ ಮೇಜಿನ ಬಳಿ ಅಂಥ ದಾಳಿ ನಡೆಯುವ ಸಂಭವ ಕಡಿಮೆ ಎಂದೇ ಇಟ್ಟುಕೊಂಡರೂ, ಮೈಕಿಗೆ ಬಂದ ಮಾತನ್ನೆಲ್ಲ ಯಜಮಾನನ ಮಾತೆಂದು ನಂಬುವ ವ್ಯವಸ್ಥೆ ಎಷ್ಟು ದುರ್ಬಲವೆಂಬುದಕ್ಕೆ ಅದು ಸಾಕ್ಷಿ. ಪಾಸ್‌ವರ್ಡ್ ಮತ್ತು ಸೇವೆಗಳ ರಹಸ್ಯ ಕೀಗಳನ್ನು ಎಂದಿಗೂ ಬಾಯಿಬಿಟ್ಟು ಹೇಳಬಾರದು. ಇಷ್ಟೆಲ್ಲ ಮಾಡಿದ ಮೇಲೂ ಕೆಲಸವನ್ನು, ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನ ಪ್ರತ್ಯೇಕ ಬ್ರ್ಯಾಂಚಿನಲ್ಲಿ (ಮೂಲ ಕೋಡಿನಿಂದ ಕವಲೊಡೆದ ಪ್ರತಿಯಲ್ಲಿ) ನಡೆಸಿ, ಪ್ರತಿ ಸಣ್ಣ ಹೆಜ್ಜೆಗೂ ಕಮಿಟ್ ಮಾಡಿಸುವುದನ್ನು, ಅಂದರೆ ಆಗಿನ ಸ್ಥಿತಿಯನ್ನು ದಾಖಲಿಸಿಡುವುದನ್ನು, ಬಿಡಬಾರದು. ಆಗ ತಪ್ಪು ಒಪ್ಪಿಗೆಯ ಹಾನಿ ಬಹುಪಾಲು ಆ ಒಂದು ಹೆಜ್ಜೆಗೇ ಸೀಮಿತವಾಗುತ್ತದೆ.

ಅಭ್ಯಾಸ

ಮೊದಲು ಸಹಾಯಕಕ್ಕೆ ಓದುವ ಅನುಮತಿ ಮಾತ್ರ ಕೊಟ್ಟು, ಇರುವ ಕೋಡನ್ನು ವಿವರಿಸುವಂತೆ ಮಾತಿನಲ್ಲಿ ಕೇಳಿ. ಯಾವ ಪದಗಳು ತಪ್ಪಾಗಿ ಬರುತ್ತವೆ ಎಂಬುದು ಆಗ ತಿಳಿಯುತ್ತದೆ. ಅವನ್ನು ಸೂಚನೆಗಳ ಫೈಲಿಗೆ ಸೇರಿಸುತ್ತಾ ಬನ್ನಿ. ನಂತರ ಒಂದೇ ಫೈಲಿನ ಬದಲಾವಣೆ, ಆಮೇಲೆ ಟೆಸ್ಟ್ ಓಡಿಸುವುದು, ಹೀಗೆ ಅನುಮತಿಯನ್ನು ಹಿಗ್ಗಿಸಬಹುದು. ಕೈನೋವಿಗಾಗಿಯೇ ಈ ದಾರಿ ಹಿಡಿದವರು ಗಂಟಲಿನ ಬಗ್ಗೆಯೂ ಕಾಳಜಿ ವಹಿಸಬೇಕು, ಏಕೆಂದರೆ ದಿನವಿಡೀ ಒಂದೇ ಸ್ವರದಲ್ಲಿ ಗಟ್ಟಿಯಾಗಿ ಆಜ್ಞೆ ಕೊಡುವವರಿಗೆ ಸ್ವರ ಬಳಲುತ್ತದೆ. ಸಹಜ ಸ್ವರದಲ್ಲಿ ಮೆಲ್ಲಗೆ ಮಾತನಾಡಿ, ನೀರು ಕುಡಿಯುತ್ತಿರಿ, ಪಿಸುಮಾತನ್ನು ಉಪಾಯವಾಗಿ ಬಳಸಬೇಡಿ. ಸಹಾಯಕ ಕೋಡ್ ಬರೆಯುತ್ತಿರುವ ನಿಮಿಷಗಳಲ್ಲಿ ಮೈಕನ್ನು ಮಲಗಿಸುವ ಆಜ್ಞೆ ಕೊಟ್ಟು ಸುಮ್ಮನಿದ್ದರೆ ಗಂಟಲಿಗೂ ವಿಶ್ರಾಂತಿ ಸಿಗುತ್ತದೆ, ಅದು ಬರೆದದ್ದನ್ನು ಓದಲು ಸಮಯವೂ ಸಿಗುತ್ತದೆ.