ಖಾರ ಬಡಿಸಿ ಅಳೆದ ಸಿಟ್ಟು

ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ದೊಡ್ಡಾಟ ನಡೆದರೆ ಮರುದಿನ ಓಣಿಯ ಹುಡುಗರಿಗೆ ಜೋಳದ ದಂಟೇ ಗದೆ, ದಂಟೇ ಕತ್ತಿ. ಹಿರಿಯರು ನೋಡಿ ನಗುತ್ತಾರೆ. ಅದೇ ಹುಡುಗ ಮೊಬೈಲ್‌ನಲ್ಲಿ ಗುಂಡು ಹಾರಿಸುವ ಆಟ ಆಡಿ ಎದ್ದವನೇ ತಮ್ಮನನ್ನು ಗುದ್ದಿದರೆ ತಪ್ಪೆಲ್ಲ ಮೊಬೈಲ್‌ನದು. ಪರದೆಯ ಹಿಂಸೆ ಮಕ್ಕಳನ್ನು ಆಕ್ರಮಣಕಾರಿಗಳನ್ನಾಗಿ ಮಾಡುತ್ತದೆಯೇ ಎಂಬ ವಿಜ್ಞಾನಿಗಳ ಹಳೆಯ ವಾದವೂ ಯಾವುದು ಆಟ, ಯಾವುದು ಆಕ್ರಮಣ ಎಂಬಲ್ಲಿಯೇ ಸಿಕ್ಕಿಕೊಂಡಿದೆ.

1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು 72 ಪುಟ್ಟ ಮಕ್ಕಳನ್ನು ಪರೀಕ್ಷಿಸಿದರು. ಗಾಳಿ ತುಂಬಿದ ಬೋಬೋ ಬೊಂಬೆಯನ್ನು ದೊಡ್ಡವರು ಗುದ್ದುವುದನ್ನು ಕಂಡ ಮಕ್ಕಳು ತಾವೂ ಗುದ್ದಿದರು. 1963ರಲ್ಲಿ ಅದನ್ನೇ ಸಿನಿಮಾದಲ್ಲಿ ತೋರಿಸಿದಾಗಲೂ ಗುದ್ದಿದರು. ಆದರೆ ಆ ಬೊಂಬೆ ಇರುವುದೇ ಗುದ್ದಿಸಿಕೊಳ್ಳಲು. ನನಗೆ ಹೆಚ್ಚು ಮುಖ್ಯವೆನಿಸುವುದು ಬಂಡೂರ 1965ರಲ್ಲಿ ಪ್ರಕಟಿಸಿದ ಪ್ರಯೋಗ. ಗುದ್ದಿದವನಿಗೆ ಶಿಕ್ಷೆಯಾಗುವುದನ್ನು ನೋಡಿದ ಮಕ್ಕಳು ಕಡಿಮೆ ಅನುಕರಿಸಿದರು. ಮಾಡಿ ತೋರಿಸಿದರೆ ಬಹುಮಾನ ಎಂದಾಗ ಆ ವ್ಯತ್ಯಾಸ ಅಳಿಸಿಹೋಯಿತು. ಎಲ್ಲರೂ ಕಲಿತಿದ್ದರು. ಕಲಿತದ್ದನ್ನು ಮಾಡಬೇಕೋ ಬಿಡಬೇಕೋ ಎಂಬುದನ್ನು ಮಾತ್ರ ಅದರಿಂದ ಸಿಗುವ ಫಲ ತೀರ್ಮಾನಿಸಿತು.

ಆಮೇಲಿನ ಪ್ರಯೋಗಾಲಯಗಳು ಬೇರೆ ಅಳತೆಗಳನ್ನು ಹುಡುಕಿಕೊಂಡವು. ಹಿಂಸೆಯ ದೃಶ್ಯ ತೋರಿಸಿ, ಖಾರ ಆಗದ ಒಬ್ಬರಿಗೆ ಖಾರದ ಸಾಸ್ ಬಡಿಸಲು ಹೇಳುವುದು ಅವುಗಳಲ್ಲಿ ಒಂದು: ಹೆಚ್ಚು ಬಡಿಸಿದಷ್ಟೂ ಹೆಚ್ಚು ಆಕ್ರಮಣ ಎಂಬ ಲೆಕ್ಕ. ಸಂಕೇಶ್ವರದ ಮೆಣಸಿನಕಾಯಿ ಉಂಡು ಬೆಳೆದ ಬೆಳಗಾವಿಯವರ ಒಂದು ಚಮಚ ಮತ್ತು ಬೇರೆಯವರ ಒಂದು ಚಮಚ ಒಂದೇ ಅಲ್ಲ. ಎಷ್ಟೇ ಬಡಿಸಿದರೂ ಅದು ಬೀದಿಯ ಬಡಿದಾಟಕ್ಕೆ ಸಮನಾಗದು.

ಹಾಗೆಂದು ಪರಿಣಾಮವೇ ಇಲ್ಲ ಎನ್ನಲು ನಾನು ಸಿದ್ಧನಿಲ್ಲ. ಶಿಕಾಗೋ ಸುತ್ತಲಿನ ಮಕ್ಕಳನ್ನು 15 ವರ್ಷಗಳ ಬಳಿಕ ಮತ್ತೆ ಮಾತನಾಡಿಸಿದ ತಂಡವೊಂದು, ಚಿಕ್ಕಂದಿನಲ್ಲಿ ಟಿವಿಯಲ್ಲಿ ಹಿಂಸೆ ಹೆಚ್ಚು ನೋಡಿದವರಲ್ಲಿ ಆಕ್ರಮಣಶೀಲತೆಯೂ ಹೆಚ್ಚು ಎಂದು 2003ರಲ್ಲಿ ವರದಿ ಮಾಡಿತು. ಮನೆಯ ಆರ್ಥಿಕ ಸ್ಥಿತಿ, ಬುದ್ಧಿಶಕ್ತಿ, ಹೆತ್ತವರ ನಡವಳಿಕೆಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಆ ನಂಟು ಉಳಿಯಿತು. 2019ರಲ್ಲಿ ಆಕ್ಸ್‌ಫರ್ಡ್ ಮತ್ತು ಕಾರ್ಡಿಫ್‌ನ ಸಂಶೋಧಕರು ವಿಶ್ಲೇಷಣೆಯ ವಿಧಾನವನ್ನು ಮೊದಲೇ ಗೊತ್ತುಪಡಿಸಿಕೊಂಡು 1,004 ಬ್ರಿಟಿಷ್ ಹದಿಹರೆಯದವರನ್ನು ಅಧ್ಯಯನ ಮಾಡಿದಾಗ, ಹಿಂಸೆಯ ವಿಡಿಯೊ ಆಟಕ್ಕೂ ಆಕ್ರಮಣಕಾರಿ ವರ್ತನೆಗೂ ನಂಟು ಕಾಣಲಿಲ್ಲ. ಅಮೆರಿಕದ ಮನಶ್ಶಾಸ್ತ್ರ ಸಂಘ 2020ರಲ್ಲಿ ಹೇಳಿದ್ದು ನನಗೆ ಒಪ್ಪಿಗೆ: ಕೂಗಾಟ, ತಳ್ಳಾಟಗಳೊಂದಿಗೆ ಈ ಆಟಗಳಿಗೆ ಸಣ್ಣ ನಂಟಿದೆ, ಗಂಭೀರ ಹಿಂಸಾಕೃತ್ಯಗಳನ್ನು ಅವುಗಳ ತಲೆಗೆ ಕಟ್ಟಲು ಸಾಕಷ್ಟು ಆಧಾರವಿಲ್ಲ.

ಮಗುವಿನ ಕೈಯಿಂದ ಮೊಬೈಲ್ ಕಸಿದು ಕೆನ್ನೆಗೆ ಬಾರಿಸುವವರು ನಮ್ಮಲ್ಲಿ ಕಡಿಮೆಯಿಲ್ಲ. 1961ರಲ್ಲಿ ಮಕ್ಕಳ ಎದುರಿಗಿದ್ದದ್ದು ಪರದೆಯಲ್ಲ, ಕಣ್ಣೆದುರೇ ಗುದ್ದುತ್ತಿದ್ದ ದೊಡ್ಡವರು. ವಿಜಯಪುರ, ಬಾಗಲಕೋಟೆಯ ಮಕ್ಕಳನ್ನು ಅಧ್ಯಯನ ಮಾಡುವವರು ಪರದೆಯ ಹೊಡೆತವನ್ನೂ ಮನೆಯ ಹೊಡೆತವನ್ನೂ ಬೇರೆಬೇರೆಯಾಗಿ ಅಳೆಯಬೇಕು. ಇಲ್ಲದಿದ್ದರೆ ಒಂದರ ಪಾಲು ಇನ್ನೊಂದರ ಲೆಕ್ಕಕ್ಕೆ ಸೇರಿಬಿಡುತ್ತದೆ.